ಕೊನೆಯ ಸ್ಟಾಪಿನವರೆಗೆ

ಎದುರಾಎದುರು ಕೂರಬೇಡಿ, ಎಂದಿದ್ದರು ಹಾಲ್ಶ್ಕಾ ಮೇಡಂ,
ಹದಿನೈದರ ಹುಡುಗನಿಗೆ ಅದು ಕಟಕಟೆ.
ಪಕ್ಕದಲ್ಲಿ ಕೂತು ನೋಡಿ.

ನನಗೆ ಪಕ್ಕವೆಲ್ಲಿದೆ? ಗ್ಡಿನ್ಯಾದ ಟ್ರಾಲಿಬಸ್ ಡ್ರೈವರು,
ಜನಕ್ಕೆ ಬೆನ್ನು ತೋರುವುದೇ ಕಸುಬು.
ಕಜಿಕ್ ನನ್ನ ಹಿಂದಿನ ಸೀಟಿಗೆ ಬಂದು ಕೂತ,
ಜಾಕೆಟ್ಟಿನ ಟೋಪಿಯೊಳಗೆ ಮುಖ ಹುದುಗಿಸಿ.

ಮೂರು ವಾರ. ಬಂದರು, ಮೀನುಪೇಟೆ, ಆಸ್ಪತ್ರೆ, ಡಿಪೋ.
ನಾನು ಏನೂ ಕೇಳಲಿಲ್ಲ.
ಕೇಳದಿರುವುದು ಎಂಥ ದಣಿವಿನ ಕೆಲಸ, ಸ್ಟಿಯರಿಂಗಿಗೇ ಗೊತ್ತು.
ಮನೆಯಲ್ಲಿ ಯೋಲಾ ಕಣ್ಣಲ್ಲೇ ಕೇಳುತ್ತಾಳೆ: ಇವತ್ತು?
ಇವತ್ತು ಅರ್ಧ ಸ್ಯಾಂಡ್‌ವಿಚ್ ತಿಂದ.

ನಿನ್ನೆ ತಿರುವಿನಲ್ಲಿ ಮೇಲಿನ ಕೋಲು ತಂತಿಯಿಂದ ಜಾರಿತು.
ದೀಪ ಆರಿ, ಹೀಟರ್ ನಿಂತು, ಮುದುಕಿಯೊಬ್ಬಳು ಗೊಣಗಿದಳು.
ಇಳಿದೆ. ಇವನೂ ಇಳಿದ, ಹೇಳದೆಯೇ ಹಗ್ಗ ಹಿಡಿದ.
ಕಡಲ ಗಾಳಿಯಲ್ಲಿ ಕತ್ತೆತ್ತಿ ಇಬ್ಬರೂ ತಂತಿ ಹುಡುಕಿದೆವು.
"ಕೆಟ್ಟಿಲ್ಲ ಕಣೋ, ಬರೀ ತಂತಿ ತಪ್ಪಿದೆ" ಅಂದೆ.
"ಅಪ್ಪ, ಪಾಠ ಮಾಡಬೇಡ."

ಕಿಡಿ ಹಾರಿತು. ದೀಪ ಬಂತು.
ಹಗ್ಗ ಬಿಡದೆ, ಮೇಲೆ ನೋಡುತ್ತಲೇ ಅಂದ:
"ರಾತ್ರಿ ನಿದ್ದೆ ಬರಲ್ಲ. ತುಂಬಾ ದಿನ ಆಯ್ತು."

ಬಸ್ಸು ಹನ್ನೊಂದು ನಿಮಿಷ ತಡ.
ಡಿಪೋದ ಪುಸ್ತಕದಲ್ಲಿ, ಕಾರಣದ ಖಾನೆಯಲ್ಲಿ,
ಗಾಳಿ ಎಂದು ಬರೆದೆ.