ಮುದ್ರೆ

ತರಗುಪೇಟೆಯ ತಕ್ಕಡಿಗಳಿಗೆ
ವರ್ಷಕ್ಕೊಮ್ಮೆ ಸರ್ಕಾರಿ ಮುದ್ರೆ ಬೀಳಬೇಕು.
ಮುಳ್ಳು ನೇರ ಮಾಡಿ, ತೂಕದ ಕಲ್ಲಿನ ತಳಕ್ಕೆ ಸೀಸ ತುಂಬಿ
ಇನ್ಸ್‌ಪೆಕ್ಟರ ಮುಂದೆ ಇಡುವವನು ನಾನು.
ನನಗೂ ವರ್ಷಕ್ಕೊಮ್ಮೆ:
ಡೈರಿ ಸರ್ಕಲ್ಲಿನಲ್ಲಿ ಬಸ್ಸಿಳಿದು
ಫೈಲು ಕಂಕುಳಲ್ಲಿ.

ಇದು ಹತ್ತೊಂಬತ್ತನೆಯದು.

ಮೊದಲ ಸಲ ನನಗಿನ್ನೂ ಇಪ್ಪತ್ತಾರು.
ಬೀಜ ಅನ್ನಲು ಬಾಯಿ ಬಾರದೆ
'ಕೆಳಗಡೆ ಗಟ್ಟಿಯಾಗಿದೆ' ಅಂದೆ.
'ಕೆಳಗಡೆ ಅಂದ್ರೆ, ಮೊಣಕಾಲಾ?'
ಕೇಳಿದರು ಡಾಕ್ಟರು, ಬೇಕೆಂದೇ.
ಎಡಗಡೆಯದು ಹೋಯಿತು.
ಅಪ್ಪ ಪೇಟೆಯಲ್ಲೆಲ್ಲ ಹರ್ನಿಯಾ ಅಂದುಕೊಂಡು ಬಂದರು.
ಉಳಿದ ಒಂದರಲ್ಲೇ ಮದುವೆಯಾದೆ, ಇಂಪನಾ ಹುಟ್ಟಿದಳು.

ಹನ್ನೊಂದನೆಯ ವರ್ಷ
'ಇನ್ನು ಬರೋದು ಬೇಡ' ಎನ್ನುವ ಮಾತು
ಡಾಕ್ಟರ ತುಟಿಯವರೆಗೂ ಬಂದಿತ್ತು.
ಸ್ಕ್ಯಾನಿನ ಹುಡುಗಿ ಒಂದೇ ಜಾಗಕ್ಕೆ
ಮೂರು ಸಲ ಮರಳಿದಳು.
ಬಲಗಡೆ. ಹೆಸರುಕಾಳಿನಷ್ಟು.
ಹಳೆಯದಲ್ಲವಂತೆ, ಇದು ಬೇರೆಯದೇ,
ಹೊಸ ಬಾಡಿಗೆದಾರ.
ಆ ರಾತ್ರಿ ಚೂಡಾಮಣಿ ಏನೂ ಕೇಳಲಿಲ್ಲ;
ಬೆಳಿಗ್ಗೆಗೆಂದು ನೆನೆಹಾಕಿದ್ದ ಹೆಸರುಕಾಳನ್ನು
ಸೋಸಿ ಪಕ್ಕದ ಮನೆಗೆ ಕೊಟ್ಟು ಬಂದಳು.

ಈಗ ಮೂರು ತಿಂಗಳಿಗೊಮ್ಮೆ
ನನ್ನ ಗಡ್ಡ, ನನ್ನ ಹುಮ್ಮಸ್ಸು, ನನ್ನ ಸಿಟ್ಟು
ಸಿಸ್ಟರ್ ಫಿಲೋಮಿನಾರ ಸಿರಿಂಜಿನಲ್ಲಿ ಬರುತ್ತವೆ,
ಎಣ್ಣೆಯಂತೆ, ನಿಧಾನ.
'ಸಿಟ್ಟು ಒಂಚೂರು ಕಮ್ಮಿ ಹಾಕಿ ಸಿಸ್ಟರ್'
ಅನ್ನುತ್ತಾಳೆ ಚೂಡಾಮಣಿ.
ಅಂಗಡಿಯಲ್ಲೊಂದು ತಕ್ಕಡಿ ನೇತಾಡುತ್ತಿದೆ,
ಎರಡೂ ತಟ್ಟೆ ಕಳಚಿದ್ದು. ಮುಳ್ಳು ನೆಟ್ಟಗಿದೆ.
ಸರಿಯಾಗಿದೆ ಅಂತಲ್ಲ,
ತೂಗಲಿಕ್ಕೆ ಏನೂ ಇಲ್ಲ ಅಂತ.
ಆದರೂ ದಿನಾ ನೋಡುತ್ತೇನೆ.

ರಕ್ತದ ಕೌಂಟರಿನಲ್ಲಿ ಈ ಸಲ ಹೊಸ ಹುಡುಗ.
ಚೀಟಿ ನೋಡಿ, ನನ್ನ ಮೀಸೆ ನೋಡಿ:
'ಇದು ಬಸುರೀರ ಟೆಸ್ಟಲ್ವಾ ಸಾರ್?'
'ಹೌದಪ್ಪ. ಎರಡು ಸಲ ನಿಂತಿತ್ತು,
ಎರಡೂ ಸಿಸೇರಿಯನ್.'
ನಗಬೇಕೋ ಬೇಡವೋ ತಿಳಿಯದೆ
ಹತ್ತಿಯನ್ನು ಜೋರಾಗಿಯೇ ಒತ್ತಿದ.

ಹೊರಗೆ ಬೆಂಚಿನ ಮೇಲೆ
ಮೀಸೆ ಈಗಷ್ಟೇ ಕೂತ ಒಬ್ಬ,
ಕೈಯಲ್ಲಿ ಎರಡೇ ಹಾಳೆಯ ಫೈಲು.
ಪಕ್ಕದಲ್ಲಿ ಅವನಪ್ಪ ಫೋನಿನಲ್ಲಿ, ದನಿ ತಗ್ಗಿಸಿ:
'ಏನಿಲ್ಲ ಮಾರಾಯ, ಹರ್ನಿಯಾ.'

ಏನಾದರೂ ಹೇಳಬೇಕೆನಿಸಿತು.
ಹೇಳಲಿಲ್ಲ.
ಅವನೆದುರು ಕೂತೆ.
ದಾರ ಕಿತ್ತುಹೋಗುವಷ್ಟು ಉಬ್ಬಿದ ನನ್ನ ಫೈಲನ್ನು
ಅವನಿಗೆ ಕಾಣುವಂತೆ
ತೊಡೆಯ ಮೇಲಿಟ್ಟುಕೊಂಡೆ.