ಹಡಗಿನ ಗಂಟೆ

ಡಾರ್ಲಾ, ಕೇಳಿದೆಯಲ್ಲ, ಹೇಳುತ್ತೇನೆ.
ಹದಿಮೂರು ಸಲ ಹತ್ತಿಳಿದವಳ ಮಾತು,
ಅರ್ಧ ಮರೆತರೂ ನಷ್ಟವಿಲ್ಲ.

ದೊಡ್ಡ ಪೆಟ್ಟಿಗೆಯನ್ನು ಬಂದರಿನಲ್ಲೇ ಇಸಿದುಕೊಳ್ಳುತ್ತಾರೆ,
ಅದು ನಿನ್ನ ಬಾಗಿಲು ಮುಟ್ಟುವಷ್ಟರಲ್ಲಿ
ಗ್ಯಾಲ್ವೆಸ್ಟನ್ನಿನ ದೀಪಗಳು ಸಾಸಿವೆಕಾಳಾಗಿರುತ್ತವೆ.
ಬಿಪಿ ಮಾತ್ರೆ, ಈಜುಡುಗೆ ಕೈಚೀಲದಲ್ಲೇ ಇರಲಿ.
ಮೊದಲ ವರ್ಷ ನಾನು
ಈಜುಕೊಳದ ದಂಡೆಯಲ್ಲಿ ಜೀನ್ಸ್ ತೊಟ್ಟು ಬೆವರುತ್ತ ಕೂತಿದ್ದೆ,
ಯಾರದೋ ಸಾವಿಗೆ ಬಂದವಳ ಹಾಗೆ.

ಕೋಣೆ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಹೊಟ್ಟೆಯಲ್ಲಿ ಕೇಳು.
ಏರಿಳಿಯುವ ಹಲಗೆಯಲ್ಲಿ ಏಟೆಲ್ಲ ತುದಿಗೆ.
ಊಟದ ಹಾಲಿನ ಕೆಳಗೆ ಮಾತ್ರ ಬೇಡ:
ಬೆಳಗಿನ ಐದಕ್ಕೆ ನೂರು ಕುರ್ಚಿ
ನಿನ್ನ ನಿದ್ದೆಯನ್ನು ಕಾಲು ಹಿಡಿದು ಎಳೆಯುತ್ತವೆ.

ಗೋಡೆ ಉಕ್ಕಿನದು, ಆಯಸ್ಕಾಂತದ ಕೊಕ್ಕೆ ಒಯ್ಯಿ.
ಇಸ್ತ್ರಿಪೆಟ್ಟಿಗೆ ಬೇಡ, ಕಿತ್ತಿಟ್ಟುಕೊಂಡು
ಕೊನೆಯ ದಿನ ಸಾಲಿನಲ್ಲಿ ನಿಲ್ಲಿಸಿ ಕೊಡುತ್ತಾರೆ,
ನಿನ್ನ ಹಿಂದೆ ನಿಂತವನ ಕೈಗೆ ಜಿನ್ ಬಾಟಲಿ.
ಹೊಟ್ಟೆ ತೊಳಸಿದರೆ
ಹಸಿರು ಸೇಬು, ಶುಂಠಿ, ದಿಗಂತ.

ಕೋಣೆ ಹುಡುಗನ ಹೆಸರು ಮೊದಲ ದಿನವೇ ಕೇಳು,
ಕೊನೆಯ ದಿನ ಲಕೋಟೆಯ ಮೇಲೆ ಬರೆಯಲಿಕ್ಕಲ್ಲ.
ನಮ್ಮವನು ರೊಡೆಲ್, ಇಲೊಯ್ಲೊ ಕಡೆಯವನು,
ಟವೆಲು ಮಡಚಿ ಆನೆ ಮಾಡಿಡುತ್ತಿದ್ದ.
ಮಗಳು ಮೊದಲ ಹೆಜ್ಜೆ ಇಟ್ಟದ್ದನ್ನು ಫೋನಿನಲ್ಲಿ ನೋಡಿದನಂತೆ.
ಆ ವಾರದ ಆನೆಗಳು ಒಂದೂ
ನೆಟ್ಟಗೆ ನಿಲ್ಲಲಿಲ್ಲ.

ಈಗ ಗಡಿಯಾರ. ಇದನ್ನು ಬರೆದುಕೋ.
ಹಡಗಿಗೆ ತನ್ನದೇ ಗಂಟೆ, ದಡಕ್ಕೆ ದಡದ್ದು.
ಫೋನನ್ನು ನಂಬಬೇಡ,
ನೆಲ ಕಂಡ ಕೂಡಲೇ ಪಕ್ಷಾಂತರ ಮಾಡುತ್ತದೆ.
ಅಗ್ಗದ್ದಾದರೂ ಸರಿ, ಮುಳ್ಳಿನ ವಾಚು ಕಟ್ಟಿಕೋ.

ಪ್ರೊಗ್ರೆಸೊದಲ್ಲಿ ಬಂದರುಕಟ್ಟೆ ನಾಲ್ಕು ಮೈಲಿ ಉದ್ದ.
ಜುಲೈ ತಿಂಗಳು. ಹೊಯ್ಟ್ ಫೋನು ನೋಡಿ
"ಇನ್ನೂ ಒಂದು ಗಂಟೆ ಇದೆ" ಅಂದ, ಇನ್ನೊಂದು ಬಿಯರು ತರಿಸಿದ.
ನಾನೂ ಹೂಂ ಅಂದೆ.
(ಈ ಕತೆ ಹೇಳುವಾಗ ಆ ಹೂಂ ಒಂದನ್ನು
ಯಾವಾಗಲೂ ನುಂಗಿದ್ದೇನೆ.)
ಆಮೇಲೆ ಕಟ್ಟೆಯ ಬುಡದಲ್ಲಿ ನಿಂತು ನೋಡಿದೆವು:
ನಮ್ಮ ಹಾಸಿಗೆ, ನಮ್ಮ ಹಲ್ಲಿನ ಬ್ರಷ್ಷು, ರೊಡೆಲನ ಸೊಟ್ಟ ಆನೆ,
ಹೊಯ್ಟನ ಎದೆಯ ಮಾತ್ರೆ, ಎಲ್ಲ ಒಟ್ಟಾಗಿ
ಹದಿನಾಲ್ಕು ಅಂತಸ್ತಿನ ಬಿಳುಪಾಗಿ ಹೊರಟವು,
ಅವಸರವೇ ಇಲ್ಲದೆ.

ಪಾಸ್‌ಪೋರ್ಟು ಸೊಂಟದ ಚೀಲದಲ್ಲಿತ್ತು, ಅದೊಂದು ಪುಣ್ಯ.

ತಿಂಡಿಗಾಡಿಯ ವಿಲ್ಬರ್ತ್ ಕನುಲ್ ನಗಲಿಲ್ಲ.
ತನ್ನ ವಾಚು ತೋರಿಸಿ, ಹಡಗು ತೋರಿಸಿ,
ಒಂದು ಬೆರಳೆತ್ತಿದ: ಒಂದು ಗಂಟೆ.
ಇಂಥವರನ್ನು ಎಷ್ಟು ಕಂಡಿದ್ದನೋ.
ಗರಿಗರಿ ಸುರುಳಿಯೊಳಗೆ ಚೀಸು ತುರಿದು ಕೈಗಿಟ್ಟು
ಕಾಗದದ ಕರವಸ್ತ್ರದ ಮೇಲೆ ಬರೆದ:
ರಾತ್ರಿ ಮೆರಿದಾದಿಂದ ಬಸ್ಸು, ಬೆಳಿಗ್ಗೆ ದೋಣಿ,
ಕೊಸುಮೆಲ್‌ನಲ್ಲಿ ನಿಮ್ಮ ಹಡಗು.
ಅಲ್ಲಿಯವರೆಗೆ ನನ್ನ ಅಮ್ಮನ ಮನೆ.

ಯೂಫೇಮಿಯಾ ಅಜ್ಜಿಯ ಮನೆಯಲ್ಲಿ ಮಂಚವೇ ಇಲ್ಲ,
ಗೋಡೆಯಿಂದ ಗೋಡೆಗೆ ನೂಲಿನ ತೂಗುಬಲೆಗಳು.
ಆರಡಿ ಎರಡಂಗುಲದ ಹೊಯ್ಟ್ ಉದ್ದಕ್ಕೆ ಮಲಗಿ
ಬಾಳೆಕಾಯಿಯಂತೆ ಬಾಗಿ ನರಳಿದ.
ಅಜ್ಜಿ ಬಂದು, ಮಗುವನ್ನು ಹೊರಳಿಸುವ ಹಾಗೆ,
ಅವನ ಕಾಲನ್ನು ಓರೆಗೆ ತಳ್ಳಿದಳು.
ಬಲೆ ಚಪ್ಪಟೆಯಾಯಿತು. ಬೆನ್ನು ನೆಟ್ಟಗಾಯಿತು.
ಮೂವತ್ತು ವರ್ಷ ಗೊರಕೆ ಹೊಡೆದವನು
ಆ ಮೂರು ತಾಸು ಸದ್ದಿಲ್ಲದೆ ಮಲಗಿದ.
ಉಸಿರಿದೆಯೇ ಎಂದು ನಾನು ಎರಡು ಸಲ
ಎದೆ ಮುಟ್ಟಿ ನೋಡಿದೆ. ಆಗ, ಇತ್ತು.

ಹದಿಮೂರು ಪಯಣದ ನಾಚ್, ಜೂಜು, ನಡುರಾತ್ರಿಯ ಚಾಕೊಲೇಟು
ಕಲಸಿ ಒಂದೇ ಮುದ್ದೆಯಾಗಿವೆ.
ಯಾವುದು ಯಾವ ಹಡಗೋ.

ತಪ್ಪಿಸಿಕೋ ಅನ್ನುತ್ತಿಲ್ಲ, ಡಾರ್ಲಾ.
ವಾಚು ಕಟ್ಟಿಕೋ.
ಎರಡು ದಿನದ ಮಾತ್ರೆ ಜೇಬಿನಲ್ಲಿರಲಿ.
ತೂಗುಬಲೆ ಸಿಕ್ಕರೆ ಓರೆಯಾಗಿ ಮಲಗು.