ತೊಂಬತ್ತು ಆಂಪಿಯರ್

ಎಂಬತ್ತೇಳರ ಲಾರಿ. ಬಾಗಿಲ ಮೇಲೆ
ಚೋಂದವ್ವನ ಮಾವನ ಹೆಸರು ಅರ್ಧ ಉದುರಿದೆ,
ಉಳಿದರ್ಧಕ್ಕೆ ಅವರು ವರ್ಷಾವರ್ಷ ಇನ್ಶೂರೆನ್ಸ್ ಕಟ್ಟುತ್ತಾರೆ.
ಸುಂಟಿಕೊಪ್ಪದ ನನ್ನ ಶೆಡ್ಡಿಗೆ ಅದು ಬಂದದ್ದು
ಇನ್ನೊಂದು ಲಾರಿಯ ಹಗ್ಗ ಹಿಡಿದು,
ರೇಡಿಯೇಟರಿನ ಬಾಯಿಗೆ ಗೋಣಿ ತುರುಕಿಕೊಂಡು.

"ಸಂಪಾಜೆ ಬಿಟ್ಟ ಮೇಲೆ ಮೂರು ಸಲ ಕುದಿಯಿತು,"
ಅಂದರು ಹಂಸಾಕ. ಬೆರಳಲ್ಲಿ ಬೊಬ್ಬೆ ಎದ್ದಿತ್ತು.
"ಮೂರು ಸಲವೂ ತೋಡಿಗಿಳಿದು ನೀರು ತಂದದ್ದು ಇವನು."
ಇವನು ಎಂದರೆ ಬೆಳ್ಳ, ಕ್ಲೀನರು,
ಹದಿನೇಳು ವರ್ಷದಿಂದ ಎಡಸೀಟಿನವನು.
ಮಾತು ಕಮ್ಮಿ ಎಂದು ಊರೆಲ್ಲ ಹೇಳುವುದು.

"ಮಾರಿ ಹೊಸತು ತಕ್ಕೊಳ್ಳಿ," ಎಂದೆ ಫೋನಿನಲ್ಲಿ.
"ಹೊಸತು ಏನು, ಕುದಿಯೋದಿಲ್ವಾ?" ಎಂದರು ಚೋಂದವ್ವ.
ಅಲ್ಲಿಗೆ ಮುಗಿಯಿತು ಮಾತು.

ಬಾನೆಟ್ ಎತ್ತಿದೆ. ಹಳೆ ಫ್ಯಾನು,
ಇಂಜಿನಿನ ಸೊಂಟಕ್ಕೆ ಬೆಲ್ಟಿನಿಂದ ಕಟ್ಟಿದ್ದು,
ಇಂಜಿನ್ ಓಡಿದಷ್ಟೇ ಅದರ ಓಟ.
ಡಿಸೆಂಬರಿನ ಬೆಳಗ್ಗೆ, ಮಂಜಿಗೆ ಕೈ ಸೆಟೆದಿರುವಾಗ
ಇಳಿಜಾರಲ್ಲಿ ಗರಗರ ಬೀಸುತ್ತದೆ;
ಏಪ್ರಿಲಿನ ಏರಿನಲ್ಲಿ, ಫಸ್ಟ್ ಗೇರಿನಲ್ಲಿ,
ಮೈಯೆಲ್ಲ ಕೆಂಡವಾದಾಗ
ಉಂಡು ಒರಗಿದವನು ಬೀಸಣಿಗೆ ಆಡಿಸಿದ ಹಾಗೆ.
ಗದ್ದಲ ಮಾತ್ರ ಯಾವಾಗಲೂ ಪೂರ್ತಿ.

ಬಿಚ್ಚಿ ಗೋಡೆಗೆ ನೇತುಹಾಕಿದೆ.
ಪಿರಿಯಾಪಟ್ಟಣದ ಗುಜರಿಯಿಂದ ಎರಡು ಕರೆಂಟ್ ಫ್ಯಾನು ಬಂದವು,
ನಜ್ಜುಗುಜ್ಜಾದ ಎರಡು ಕಾರಿನ ಮೂತಿಯಿಂದ ತೆಗೆದವು.
ಎರಡೂ ಒಟ್ಟಿಗೆ ತಿರುಗಿದ್ದೇ ತಡ
ಹೆಡ್‌ಲೈಟು ಸೊರಗಿ ಬೀಡಿ ಕಿಡಿಯಷ್ಟಾಯಿತು.
ಮೂವತ್ತೈದು ಆಂಪಿಯರಿನ ಸಂಬಳ,
ಅರವತ್ತರ ಸಂಸಾರ!
ಮೈಸೂರಿಂದ ತೊಂಬತ್ತರ ಆಲ್ಟರ್ನೇಟರ್ ತರಿಸಿದೆ.
ಬ್ರಾಕೆಟಿನ ತೂತು ಅರ್ಧ ಬೆರಳು ಆಚೆ.
ಒಂದು ಮಧ್ಯಾಹ್ನ ಇಡೀ ಅರ ಉಜ್ಜಿದೆ,
ಕಿರುಬೆರಳು ದಪ್ಪದ ವೈರು ಎಳೆದೆ,
ಛಾಸಿಯ ತುಕ್ಕು ಕೆರೆದು ಕೆರೆದು
ಹೊಳೆವ ಕಬ್ಬಿಣ ಸಿಕ್ಕ ಮೇಲೆ ಅರ್ಥ್ ಕೊಟ್ಟೆ.
ಹುಡುಗ ಸವಾದ್ ಬಿಲ್ಲು ಬರೆದ:
'ಅರ್ಥ ಮಾಡಿಸಿದ್ದು, ಇನ್ನೂರು ರೂಪಾಯಿ.'
ಚೋಂದವ್ವ ಕನ್ನಡಕ ಏರಿಸಿ ಓದಿ,
"ಇಷ್ಟು ಅಗ್ಗಕ್ಕೆ ನನಗೆ ಯಾರೂ ಮಾಡಿಸಿಕೊಟ್ಟಿರಲಿಲ್ಲ," ಅಂದರು.

ಸ್ಟಾರ್ಟು ಮಾಡಿದರೆ ಹಂಸಾಕನಿಗೆ ಗಾಬರಿ.
"ಏನೋ ಬಿಟ್ಟುಹೋಗಿದೆ ಮಾರಾಯ, ಅರ್ಧ ಶಬ್ದವೇ ಇಲ್ಲ!"
ಕಾಯಿರಿ ಅಂದೆ. ಮುಳ್ಳು ತೊಂಬತ್ತು ಮುಟ್ಟಿತು,
ಡ್ಯಾಶಿನಡಿ ರಿಲೇ ಲೊಚ್ ಅಂದಿತು,
ಹಲ್ಲಿ ನುಡಿದ ಹಾಗೆ, ನಿಜ ನಿಜ.
ಆಮೇಲೆ ಎರಡೂ ಎದ್ದವು.

ಮಾರನೇ ದಿನ ಸುಳ್ಯದಿಂದ ಕೆಂಪುಕಲ್ಲು ಹೇರಿ ಘಾಟಿ ಹತ್ತಿದರು.
ನಾನಿರಲಿಲ್ಲ. ಹಂಸಾಕ ಹೇಳಿದ್ದು ಇದು:
ಕೊಯನಾಡು ದಾಟಿ ತುಸು ಸಮತಟ್ಟು ಸಿಕ್ಕಲ್ಲಿ
ಫ್ಯಾನು ತಣಿದು ತಾನೇ ನಿಂತಿತು.
ಎಡಗಡೆಯಿಂದ ಯಾರೋ ಮಾತಾಡುತ್ತಿದ್ದರು.
ರೇಡಿಯೋ ಇಲ್ಲದ ಲಾರಿ.
"ಯಾರ ಹತ್ರ ಮಾತಾಡ್ತಿ ಬೆಳ್ಳ?"
"ನಿಮ್ಮ ಹತ್ರವೇ."
"ಯಾವಾಗಿಂದ?"
ಲೆಕ್ಕ ಹಾಕಿದನಂತೆ, ಒಂದು ತಿರುವು ಕಳೆಯುವಷ್ಟು ಹೊತ್ತು.
"ಒಂದು ಸಲ ಸ್ಟೇರಿಂಗ್ ಕೊಡ್ತೀರಾ ಅಂತ ಮೊದಲು ಕೇಳಿದ್ದು
ನಿಮ್ಮ ದೊಡ್ಡ ಮಗಳ ನಿಕಾಹ್ ಆದ ವರ್ಷ.
ನೀವು ಹ್ಞೂಂ ಅಂದ್ರಿ.
ಎಲ್ಲದಕ್ಕೂ ಹ್ಞೂಂ ಅಂತಿದ್ರಿ."

ನಿನ್ನೆ ಮತ್ತೆ ಬಂತು ಲಾರಿ, ಗೇಟಿಗೆ ತುಸು ಉಜ್ಜಿಕೊಂಡು.
ಬಂಪರಿನಲ್ಲಿ ಕೆಂಪು ಎಲ್, ಬಣ್ಣ ಇನ್ನೂ ಹಸಿ.
ಹಂಸಾಕ ಇಳಿದದ್ದು ಎಡಬಾಗಿಲಿಂದ,
ಮುಖ ಬಿಳುಚಿಕೊಂಡಿತ್ತು.
"ಫ್ಯಾನಿಂದೇನೂ ತೊಂದರೆ ಇಲ್ಲ," ಅಂದರು,
"ನನ್ನ ಕಿವಿಗೇ ಅಭ್ಯಾಸ ಆಗಬೇಕು."

ಬೆಳ್ಳ ಕೀಲಿ ತಿರುಗಿಸಿದ. ಇಂಜಿನ್ ನಿಂತಿತು.
ಫ್ಯಾನು ನಿಲ್ಲಲಿಲ್ಲ. ಅವನು ಇಳಿಯಲೂ ಇಲ್ಲ;
ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು
ಅದು ಪೂರ್ತಿ ತಣಿಯುವವರೆಗೆ
ಏನೋ ಹೇಳುತ್ತ ಕೂತಿದ್ದ.